ಕ್ಲಬ್ಬಿಗೊಂದು ಸೂತಕ

ಆಸ್ಟ್ರಿಯ ದೇಶದ ಯಾವುದೋ ಮೂಲೆಯ ಹಳ್ಳಿಯ ಫುಟ್ಬಾಲ್ ಕ್ಲಬ್ಬಿನ ಚರಿತ್ರೆಯನ್ನು ಬಾಯಿಪಾಠ ಮಾಡಿಕೊಂಡಿರುವ ನಂಜನಗೂಡಿನವರು ಈ ಭೂಮಿಯ ಮೇಲೆ ಒಬ್ಬರೇ ಒಬ್ಬರು. ಆ ಒಬ್ಬರು ನಮ್ಮ ಅಕ್ಕನ ಗಂಡನೇ ಆಗಿರಬೇಕಿತ್ತೇ? ಮದುವೆಯಾದಾಗ ಚೆನ್ನಾಗಿಯೇ ಇದ್ದರು, ಸುಳ್ಳೇಕೆ ಹೇಳಲಿ. ಅಕ್ಕನನ್ನು ನೈರೋಬಿಗೆ ಕರೆದುಕೊಂಡು ಬಂದರು, ಕೆಲವು ವರ್ಷ ಕಳೆದ ಮೇಲೆ ನನಗೂ ಇಲ್ಲೇ ಕೆಲಸ ಕೊಡಿಸಿದರು. ನನ್ನ ಉದ್ಧಾರಕ್ಕೆ ಅಂತ ನಾನು ತಿಳಿದಿದ್ದೆ. ಅವರಿಗೆ ಕೇಳುವ ಕಿವಿ ಎರಡು ಬೇಕಾಗಿದ್ದವು, ಅಷ್ಟೆ!

ಭಾವ ಔಷಧಿ ಕಂಪನಿಯಲ್ಲಿ ಎಂಜಿನಿಯರ್. ಅವರ ಕಂಪನಿ ಒಂದು ಕಾಲದಲ್ಲಿ ಮಾತ್ರೆ ಒತ್ತುವ ಯಂತ್ರವೊಂದನ್ನು ಆಸ್ಟ್ರಿಯದಿಂದ ತರಿಸಿ, ಅದನ್ನು ನಡೆಸೋದು ಕಲಿತು ಬಾ ಅಂತ ಇವರನ್ನು ಅದು ತಯಾರಾಗುವ ಹಳ್ಳಿಗೇ ಕೆಲವು ತಿಂಗಳು ಕಳಿಸಿತ್ತು. ಯುರೋಪಿಗೆ ಹೋದವರು ಏನು ತರುತ್ತಾರೆ? ಚಾಕೊಲೇಟ್ ತರುತ್ತಾರೆ, ಗೋಡೆ ಗಡಿಯಾರ ತರುತ್ತಾರೆ. ನಮ್ಮ ಭಾವ ಹಸಿರು ಬಿಳಿ ಪಟ್ಟೆಯ ಒಂದು ಮಫ್ಲರನ್ನೂ ಒಂದು ಕ್ಲಬ್ಬನ್ನೂ ತಂದರು. ಮಫ್ಲರು ಹೇಗೋ ಕಪಾಟಿನೊಳಗೆ ಹೋಯಿತು. ಕ್ಲಬ್ಬು ಮಾತ್ರ ನೈರೋಬಿಯ ಲೊರೆಶೋ ಬಡಾವಣೆಯ ಅವರ ಮನೆಯ ಹಜಾರದಲ್ಲಿ ಹದಿನೈದು ವರ್ಷ ನಮ್ಮೆಲ್ಲರ ತಲೆಯ ಮೇಲೆ ಕೂತಿತ್ತು.

ಭಾನುವಾರ ನಾನು ನನ್ನ ರೂಮಿದ್ದ ಕಿಲಿಮಾನಿಯಿಂದ ಎರಡು ಮಟಾಟು ವ್ಯಾನು ಬದಲಿಸಿ, ಹಸಿದುಕೊಂಡು ಅಕ್ಕನ ಮನೆಗೆ ಬರುತ್ತಿದ್ದೆ. ಅನ್ನ ಬಡಿಸಿದ್ದಾಳೆ, ತಿಳಿಸಾರು ಹಬೆಯಾಡುತ್ತಿದೆ, ಕೈ ಇನ್ನೇನು ತಟ್ಟೆಗೆ ಹೋಗಬೇಕು, ಆಗ ಭಾವ ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು. ಮುಗಿಯಿತು! ಹರಿಕಥೆ ಶುರು.

ಕ್ಲಬ್ಬು ಕಟ್ಟಿದವರು ಮರ ಕೊಯ್ಯುವ ಮಿಲ್ಲಿನ ಕೂಲಿಯವರಂತೆ. ಮೈದಾನ ಹೊಳೆಯ ದಂಡೆಗೆ. ಜೋರಾಗಿ ಒದ್ದರೆ ಚೆಂಡು ನೀರಿಗೆ. ಅದಕ್ಕೇ ದೋಣಿಯಲ್ಲಿ ಬಲೆ ಹಿಡಿದು ಕೂರೋದಕ್ಕೆ ಒಬ್ಬನನ್ನು ಇಟ್ಟಿದ್ದರಂತೆ. "ಇಡೀ ತಂಡದಲ್ಲಿ ಎಲ್ಲರಿಗಿಂತ ಜಾಸ್ತಿ ಚೆಂಡು ಮುಟ್ಟಿದವನು ಅವನೇ ಕಣೋ!" ಅನ್ನುವಾಗ ಭಾವನ ಮುಖದಲ್ಲಿ ಹೆಮ್ಮೆ. ಆಮೇಲೆ ಯುದ್ಧ ಬಂತು. ತಂಡಕ್ಕೆ ತಂಡವೇ ಹೋಯಿತು. ವಾಪಸ್ ಬಂದವರು ಅರ್ಧ ತಂಡಕ್ಕೂ ಸಾಲಲಿಲ್ಲ. ಅಷ್ಟರಲ್ಲಿ ಹೆಂಗಸರು ಮೈದಾನದಲ್ಲಿ ಆಲೂಗಡ್ಡೆ ಬೆಳೆದಿದ್ದರು. ಅದನ್ನು ಅಗೆದು, ನೆಲ ಮಟ್ಟ ಮಾಡಿ, ಮತ್ತೆ ಆಡಿ, ಮತ್ತೆ ಸೋತರು. ಇನ್ನೊಂದು ಸಲ ಹೊಳೆ ಉಕ್ಕಿ ಗೋಲಿನ ಕಂಬಗಳು ಕೊಚ್ಚಿಹೋದವು. ಕೆಳಗಿನ ಊರಿನವರು ಅವನ್ನು ಹಿಡಿದು ತಮ್ಮ ಮೈದಾನದಲ್ಲಿ ನೆಟ್ಟುಕೊಂಡು, ಅದೇ ಕಂಬಗಳ ನಡುವೆ ಇವರಿಗೇ ಗೋಲು ಹೊಡೆದರು!

"ಅಪ್ಪಾ, ದೇ ಲಾಸ್ಟ್. ವಿ ನೋ," ಅನ್ನುತ್ತಿದ್ದಳು ಅವರ ಮಗಳು. ನೈರೋಬಿಯಲ್ಲಿ ಬೆಳೆದ ಹುಡುಗಿ, ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ತೀರ್ಪು ಕೊಡುವವಳು.

"ಅಲ್ಲ ಭಾವ, ಇವರು ಗೆದ್ದಿದ್ದು ಯಾವಾಗ?" ಅಂತ ಒಮ್ಮೆ ಕೇಳಿಯೇ ಬಿಟ್ಟೆ.

"ಗೆದ್ದೋರ ಕಥೆ ಹೇಳೋಕೆ ಬೇಕಾದಷ್ಟು ಜನ ಇದ್ದಾರೆ. ನೀನು ಸಾರು ಹಾಕ್ಕೋ," ಅಂದರು. ಸಾರು ಆರಿಹೋಗಿತ್ತು.

ಆ ಕ್ಲಬ್ಬಿಗೆ ಕೊನೆಗಾಲ ಬಂತು ಅನ್ನುವ ಸುದ್ದಿ ಬಂದದ್ದು ಒಂದು ಅಕ್ಟೋಬರಿನಲ್ಲಿ. ಊರಲ್ಲಿ ಹುಡುಗರೇ ಇಲ್ಲ. ಮಿಲ್ಲು ಮುಚ್ಚಿದೆ. ಹಾಗಾಗಿ ಕೆಳಗಿನ ಊರಿನ ಕ್ಲಬ್ಬಿನ ಜೊತೆ ಇದನ್ನೂ ಸೇರಿಸಿಬಿಡೋಣ ಅಂತ ಮಾತು. ಹೆಸರು ಕೆಳಗಿನ ಊರಿನದು, ಬಣ್ಣವೂ ಅವರದು. ಹೊಳೆ ದಂಡೆಯ ಮೈದಾನದಲ್ಲಿ ಮನೆ ಕಟ್ಟುತ್ತಾರಂತೆ. ಕೆಳಗಿನ ಊರಿನವರು ಅಂದರೆ ಅದೇ, ಕಂಬ ಕದ್ದವರು! ಭಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹೇಗಾದರೂ ಮಾಡಿ ಆ ಕ್ಲಬ್ಬನ್ನು ಉಳಿಸಬೇಕು, ಇದೊಂದೇ ಅವರ ಜಪ. ನೈರೋಬಿಯಲ್ಲಿ ಕೂತು ಆಸ್ಟ್ರಿಯದ ಕ್ಲಬ್ಬು ಉಳಿಸೋದು ಹೇಗೆ ಅಂತ ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ.

ಆ ಬಿಸಿಯಲ್ಲೇ ನವೆಂಬರ್ ಬಂತು. ನಮ್ಮ ಕನ್ನಡ ಕೂಟದ ರಾಜ್ಯೋತ್ಸವ. ಹಿರಿಯರು, ಓದಿಕೊಂಡವರು ಅಂತ ಭಾವನನ್ನೇ ಭಾಷಣಕ್ಕೆ ಕರೆದರು. ವಿಷಯ, ಕರ್ನಾಟಕದ ಏಕೀಕರಣ. ಭಾವ ಎದ್ದು ನಿಂತರು, ತಾಯಿ ಭುವನೇಶ್ವರಿಗೆ ಕೈ ಮುಗಿದರು, ಶುರು ಮಾಡಿದರು: "ಏಕೀಕರಣ ಅಂದರೆ ಏನು? ದೊಡ್ಡೂರು ಚಿಕ್ಕೂರನ್ನ ನುಂಗೋದಕ್ಕೆ ಇಟ್ಟಿರೋ ಚೆಂದದ ಹೆಸರು! ಇದನ್ನ ನಾವು ಖಂಡಿಸಬೇಕು!"

ಸಭೆ ಬೆಚ್ಚಿಬಿತ್ತು. ಹಿಂದಿನ ಸಾಲಿನಲ್ಲಿ ಕೋಸಂಬರಿ ತಿನ್ನುತ್ತಿದ್ದವರೂ ತಲೆ ಎತ್ತಿದರು. ಹುಬ್ಬಳ್ಳಿ ಕಡೆಯ ನಮ್ಮ ಅಧ್ಯಕ್ಷರು ಕುರ್ಚಿಯಿಂದ ಎದ್ದೇಬಿಟ್ಟರು. "ಅಲ್ರೀ ಸಾಹೇಬ್ರ, ಏಕೀಕರಣ ಬ್ಯಾಡ ಅಂದ್ರ ನಾವೇನ್ ಮತ್ತ ಮುಂಬೈ ಪ್ರಾಂತ್ಯಕ್ಕ ಹೋಗೂಣೇನು?"

ಭಾವ ಅದನ್ನು ಕಿವಿಗೇ ಹಾಕಿಕೊಳ್ಳದೆ ದೋಣಿಯವನ ಕಥೆಗೆ ಬಂದಿದ್ದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಾರಿನಲ್ಲಿ ಹೋಗಿ ಕೂತಳು.

ಕ್ಲಬ್ಬಿನ ಸದಸ್ಯರೆಲ್ಲ ಸೇರಿ ತೀರ್ಮಾನ ಮಾಡುವ ಸಭೆ ನಡೆದದ್ದು ಮುಂದಿನ ಜುಲೈಯಲ್ಲಿ. ನೈರೋಬಿಯ ಜುಲೈ ಗೊತ್ತಲ್ಲ? ಸೂರ್ಯ ರಜೆ ಹಾಕಿರುತ್ತಾನೆ, ಬೂದು ಮೋಡ ತಲೆಗೆ ತಾಗುವ ಹಾಗೆ ಇಳಿದಿರುತ್ತದೆ, ಒಣಗಿಹಾಕಿದ ಬಟ್ಟೆ ವಾರವಾದರೂ ತಣ್ಣಗೇ ಇರುತ್ತದೆ. ನನಗಂತೂ ಆ ತಿಂಗಳಲ್ಲಿ ಬದುಕೇ ಬೇಡ ಅನ್ನಿಸುತ್ತದೆ. ಅಂಥ ಒಂದು ಸಂಜೆ, ವರ್ಷವರ್ಷ ಚಂದಾ ಕಳಿಸುವ ದೂರದ ಸದಸ್ಯರು ಅಂತ ಭಾವನಿಗೆ ಫೋನಿನಲ್ಲೇ ಎರಡು ಮಾತಾಡೋದಕ್ಕೆ ಅವಕಾಶ ಕೊಟ್ಟರು.

ಭಾವನ ಜರ್ಮನ್ ಭಾಷೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವರು ಅದನ್ನು ಕಲಿತದ್ದು ಯಂತ್ರದ ಪಕ್ಕ ನಿಂತು. ಹಾಗಾಗಿ ಯಂತ್ರಕ್ಕೆ ಹೇಳಬಹುದಾದದ್ದನ್ನು ಮಾತ್ರ ಅವರು ಆ ಭಾಷೆಯಲ್ಲಿ ಹೇಳಬಲ್ಲರು! ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಮೈಲುಗಟ್ಟಲೆ ದೂರಕ್ಕೆ ಕೇಳಬೇಕು ಅನ್ನುವ ಹಾಗೆ ಕೂಗಿದರು. ಏನಂದಿರಿ ಅಂತ ನಾನು ಆಮೇಲೆ ಕೇಳಿದ್ದಕ್ಕೆ ಕನ್ನಡದಲ್ಲಿ ಹೇಳಿದರು: "ಯಂತ್ರ ಹಳೇದು. ಶಬ್ದ ಜಾಸ್ತಿ. ವೇಗ ಕಡಿಮೆ ಮಾಡಿ. ಎಣ್ಣೆ ಹಾಕಿ. ದಯವಿಟ್ಟು ನಿಲ್ಲಿಸಬೇಡಿ."

ಅಷ್ಟು ಹೇಳುವ ಹೊತ್ತಿಗೆ ಲೊರೆಶೋದಲ್ಲಿ ಕರೆಂಟು ಹೋಯಿತು. ಆ ಫೋನು ಕರೆಂಟಿನದು, ಅದೂ ಸತ್ತಿತು. ಭಾವ ಕತ್ತಲಲ್ಲಿ ಇನ್ನೂ ಒಂದು ಸಲ "ನಿಲ್ಲಿಸಬೇಡಿ" ಅಂದರು. ಆ ಕಡೆ ಯಾರೂ ಇರಲಿಲ್ಲ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಮರುದಿನ ಬೆಳಿಗ್ಗೆ ಅಲ್ಲಿಂದಲೇ ಫೋನು ಬಂತು. ಸಭೆ ಒಪ್ಪಿದೆ. ಕ್ಲಬ್ಬು ಇನ್ನಿಲ್ಲ.

ಭಾವ ಫೋನಿಟ್ಟರು. ನೇರ ಬಚ್ಚಲಿಗೆ ಹೋದರು. ಉಟ್ಟ ಬಟ್ಟೆಯಲ್ಲೇ, ಆ ಚಳಿಯಲ್ಲಿ, ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ಅಕ್ಕ ಓಡಿ ಬಂದು ಬಾಗಿಲಲ್ಲಿ ನಿಂತಳು. ನಮ್ಮಲ್ಲಿ ಆ ಸ್ನಾನ ಯಾವಾಗ ಮಾಡುತ್ತಾರೆ ಅನ್ನುವುದು ಅವಳಿಗೆ ಗೊತ್ತಿಲ್ಲವೇ? ಸಾವಿನ ಸುದ್ದಿ ಬಂದಾಗ.

"ಯಾರ್ರೀ? ಯಾರು ಹೋದ್ರು?"

"ಕ್ಲಬ್ಬು," ಅಂದರು ಭಾವ, ಹಲ್ಲು ಕಟಕಟ ಅನ್ನುತ್ತಾ.

ಅಲ್ಲಿಂದ ಸೂತಕ! ದೇವರ ಮನೆಗೆ ಹೋಗುವಂತಿಲ್ಲ, ಗಡ್ಡ ಬೋಳಿಸುವಂತಿಲ್ಲ. ಎಷ್ಟು ದಿನ ಆಚರಿಸಬೇಕು ಅಂತ ದೇವಸ್ಥಾನದ ಪುರೋಹಿತರಿಗೇ ಫೋನು ಮಾಡಿದರು. ಪಾಪ, ಅವರಿಗೇನು ಗೊತ್ತು? "ಹೋದವರು ಸಗೋತ್ರದವರೋ?" ಅಂತ ಕೇಳಿದರು. "ಗೋತ್ರ ಗೊತ್ತಿಲ್ಲ," ಅಂದರು ಭಾವ. "ಹೋಗಿದ್ದು ಎಲ್ಲಿ?" "ಆಸ್ಟ್ರಿಯದಲ್ಲಿ." "ಹಾಗಾದ್ರೆ ಸ್ನಾನ ಮಾಡಿದ್ರೆ ಸಾಕು, ದೂರದ ಸಾವು." ಭಾವನಿಗೆ ಅದು ಒಪ್ಪಿಗೆಯಾಗಲಿಲ್ಲ. "ದೂರದ್ದಲ್ಲ," ಅಂತ ಫೋನಿಟ್ಟು, ಹತ್ತು ದಿನ ಅಂತ ತಾವೇ ತೀರ್ಮಾನಿಸಿದರು.

ಸುದ್ದಿ ಕಾಲಿಲ್ಲದೆ ಓಡಿತು. ಇವರ ಮನೆಯಲ್ಲಿ ಸೂತಕವಂತೆ, ಯಾರೋ ಹಿರಿಯರು ಹೋದರಂತೆ. ಗೇಟಿನ ಕಾವಲುಗಾರ "ಪೋಲೆ ಸಾನಾ" ಅಂತ ಟೋಪಿ ತೆಗೆದು ಸಂತಾಪ ಹೇಳಿದ. ಪಕ್ಕದ ಮನೆಯ ಮಂಗಳೂರಿನ ಟೀಚರಮ್ಮ ಬಿಳಿ ಹೂವು ಹಿಡಿದುಕೊಂಡೇ ಬಂದರು. ಭಾವನ ಎದುರು ಕೂತು ಶಿಲುಬೆ ಮುಟ್ಟಿಕೊಂಡು ಕೇಳಿದರು, "ಎಷ್ಟು ಪ್ರಾಯ ಆಗಿತ್ತು ಮಾರಾಯ್ರೆ?"

"ಎಂಬತ್ತು ದಾಟಿತ್ತು."

"ದೇವರು ದೊಡ್ಡವ, ತುಂಬಿದ ಜೀವನ. ಕಡೆಗೆ ಏನಾದದ್ದು?"

"ಹನ್ನೊಂದು ಜನ ಸಿಗಲಿಲ್ಲ," ಅಂದರು ಭಾವ ನಿಟ್ಟುಸಿರು ಬಿಟ್ಟು.

ಹೊರಲು ನಾಲ್ಕು ಜನ ಸಾಲದೇ, ಹನ್ನೊಂದು ಯಾಕೆ ಅಂತ ಟೀಚರಮ್ಮ ನನ್ನ ಮುಖ ನೋಡಿದರು. ನಾನು ಕಿಟಕಿಯ ಆಚೆ ಮೋಡ ನೋಡಿದೆ.

ಅಕ್ಕ ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದಳು. ಹದಿಮೂರನೆಯ ದಿನ ವೈಕುಂಠ ಸಮಾರಾಧನೆಯೂ ಆಗಬೇಕು, ಕೂಟದವರನ್ನೆಲ್ಲ ಊಟಕ್ಕೆ ಕರೆದಿದ್ದೀನಿ ಅಂತ ಭಾವ ಅಂದರು ನೋಡಿ, ಅವಳ ಕಟ್ಟೆ ಒಡೆಯಿತು. ಅಡಿಗೆಮನೆಯಲ್ಲಿ ಸೌಟು ಬಿಸಾಡಿದಳು.

"ಹೆತ್ತಪ್ಪ ಹೋದಾಗ ಬರಲಿಲ್ಲ ನೀವು! ನಾನು ಬಾಣಂತಿ, ಎಳೇ ಕೂಸು ಮಡಿಲಲ್ಲಿ. ನಂಜನಗೂಡಲ್ಲಿ ಎಲ್ಲರೂ ಬಾಗಿಲು ನೋಡ್ತಾ ಕೂತಿದ್ವಿ. ಹಿರೀಮಗ ಇದ್ದೂ ನಿಮ್ಮ ತಮ್ಮ ಕೊಳ್ಳಿ ಇಟ್ಟ. ಈಗ ಒಂದು ಚೆಂಡಿಗೆ ಸೂತಕ, ಚೆಂಡಿಗೆ ವೈಕುಂಠ!"

ಭಾವ ಬಗ್ಗಿ ಸೌಟು ಎತ್ತಿಟ್ಟರು. ಅಪ್ಪ ಹೋದಾಗ ಅವರು ಆಸ್ಟ್ರಿಯದ ಆ ಹಳ್ಳಿಯಲ್ಲೇ ಯಂತ್ರ ಕಲಿಯುತ್ತಿದ್ದರು. ವಿಮಾನಕ್ಕೆ ಟಿಕೆಟ್ಟು ಸಿಗಲಿಲ್ಲ, ಬರಲಿಲ್ಲ. ಅಷ್ಟೇ ನಮಗೆಲ್ಲ ಗೊತ್ತಿದ್ದದ್ದು. ಆ ಸಿಟ್ಟು ಅಕ್ಕನಿಗೆ ಇಷ್ಟು ವರ್ಷವಾದರೂ ಇಳಿದಿಲ್ಲ ಅಂತ ನನಗೆ ಗೊತ್ತಾದದ್ದು ಅವತ್ತೇ.

ಅಡಿಗೆ ಮಾತ್ರ ಅವಳೇ ಮಾಡಿದಳು. ಕರೆದವರ ಎದುರು ಮರ್ಯಾದೆ ಹೋಗಬಾರದಲ್ಲ! ವರಾಂಡದಲ್ಲಿ ಜಮಖಾನ ಹಾಸಿ, ಬಾಳೆ ಎಲೆ ಹಾಕಿ, ಎಲ್ಲರನ್ನೂ ಸಾಲಾಗಿ ಕೂರಿಸಿದೆವು. ಕೋಸಂಬರಿ, ಪಲ್ಯ, ಆಂಬೊಡೆ, ಹುಳಿ. ಒಳಗೆ ಒಬ್ಬಟ್ಟು ಬೇಯುವ ಘಮ. ನಾನು ಅನ್ನಕ್ಕೆ ಕಡಿಮೆ ಹಾಕಿಸಿಕೊಂಡು ಹೊಟ್ಟೆಯಲ್ಲಿ ಜಾಗ ಉಳಿಸಿಟ್ಟಿದ್ದೆ. ಭಾವ ಗಡ್ಡ ಬೋಳಿಸಿ, ಪಂಚೆ ಉಟ್ಟು, ತಾವೇ ಹುಳಿಯ ಬಕೆಟ್ಟು ಹಿಡಿದು ಬಡಿಸುತ್ತಿದ್ದರು.

ಹೋದದ್ದು ಕ್ಲಬ್ಬು ಅಂತ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಅಧ್ಯಕ್ಷರ ಎಲೆಯ ಹತ್ತಿರ ಬಂದಾಗ ಅವರು ನಗುತ್ತಲೇ ಕೇಳಿದರು, "ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಇಷ್ಟಕ್ಕೂ ಆ ಕ್ಲಬ್ಬು ನಿಮಗೇನ್ ಮಾಡೇತ್ರಿ?"

ಭಾವ ಸೌಟನ್ನು ಬಕೆಟ್ಟಿಗೆ ಇಳಿಸಿದರು.

"ನಮ್ಮಪ್ಪ ಹೋದ ಸುದ್ದಿ ನನಗೆ ಅಲ್ಲಿನ ಕಾರ್ಖಾನೆಗೆ ಬಂತು," ಅಂದರು. "ಅವತ್ತೇ ಹೊರಟರೂ ತಲುಪೋ ಹಾಗಿರಲಿಲ್ಲ. ಸ್ನಾನ ಮಾಡಿ ರೂಮಲ್ಲಿ ಕೂತೆ. ಹೇಳ್ಕೊಳ್ಳೋಣ ಅಂದ್ರೆ ಆ ಭಾಷೆಯಲ್ಲಿ ನನಗೆ ಎಣ್ಣೆ, ಬೋಲ್ಟು, ಬೆಲ್ಟು ಬಿಟ್ರೆ ಏನೂ ಬರ್ತಿರಲಿಲ್ಲ. ಮೂರು ದಿನ ಕೆಲಸಕ್ಕೆ ಹೋಗಲಿಲ್ಲ. ನಮ್ಮ ಫೋರ್‌ಮನ್ ಹುಡುಕ್ಕೊಂಡು ಬಂದ. 'ಫಾದರ್, ಫಿನಿಶ್' ಅಂದೆ. ಅಪ್ಪನ ಹೆಸರು ಕೇಳಿದ, ಹೇಳಿದೆ, ಹೋದ. ಭಾನುವಾರ ಬಂದು ಕೈ ಹಿಡಿದು ಮೈದಾನಕ್ಕೆ ಕರ್ಕೊಂಡು ಹೋದ. ಅವನೇ ಗೋಲ್‌ಕೀಪರ್ ಅಂತ ನನಗೆ ಆಗಲೇ ಗೊತ್ತಾಗಿದ್ದು. ಆಟಕ್ಕೆ ಮುಂಚೆ ಎಲ್ಲರೂ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮೈದಾನದ ಮಧ್ಯೆ ನಿಂತ್ರು. ಎದುರಿನ ತಂಡದವರೂ ನಿಂತ್ರು. ಮೈಕಲ್ಲಿ ನಮ್ಮಪ್ಪನ ಹೆಸರು ಹೇಳಿದ್ರು. ಇಡೀ ಊರು ತಲೆ ತಗ್ಗಿಸಿ ಸುಮ್ಮನೆ ನಿಂತಿತ್ತು. ನಮ್ಮಪ್ಪ ಜೀವಮಾನದಲ್ಲಿ ಒಂದು ಚೆಂಡು ಮುಟ್ಟಿದವರಲ್ಲ. ನಾನು ಕೊಳ್ಳಿ ಇಡಲಿಲ್ಲ, ಪಿಂಡ ಇಡಲಿಲ್ಲ. ಅಪ್ಪನಿಗೆ ಅಂತ ನನಗೆ ಸಿಕ್ಕಿದ್ದು ಅದೊಂದೇ."

ಸೌಟಿನಿಂದ ಹುಳಿ ಕಲಕುತ್ತಾ, "ಆಮೇಲೆ ಆಟ ಆಡಿದ್ರು. ಸೋತ್ರು," ಅಂದರು.

ಯಾರೂ ನಗಲಿಲ್ಲ. ಅಕ್ಕ ಒಬ್ಬಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಎಲ್ಲರೂ ಏಳಿ," ಅಂದಳು.

ಪಂಕ್ತಿಯಲ್ಲಿ ಕೂತವರು ಊಟದ ನಡುವೆ ಏಳುವುದುಂಟೇ? ಎದ್ದರೆ ಎಲೆ ಬಿಟ್ಟ ಹಾಗೆ, ಮತ್ತೆ ಕೂತು ಉಣ್ಣುವಂತಿಲ್ಲ. ಯಾರೋ ಹಿರಿಯರು, "ಅಲ್ಲಮ್ಮಾ, ಎಲೆ ಮುಂದಿಂದ..." ಅಂದರು.

"ಏಳಿ ಅಂದೆ."

ಮೊದಲು ಟೀಚರಮ್ಮ ಎದ್ದರು. ಅಧ್ಯಕ್ಷರು ಮಂಡಿ ನೋವಿಗೆ ಗೋಡೆ ಹಿಡಿದುಕೊಂಡು ಎದ್ದರು. ಭಾವನ ಮಗಳು ಎದ್ದಳು. ನಾನೂ ಎದ್ದೆ, ಎಂಜಲು ಕೈ ಹಾಗೇ ಚಾಚಿಕೊಂಡು. ಎಷ್ಟು ಹೊತ್ತು ನಿಲ್ಲಬೇಕು ಅಂತ ಸೀಟಿ ಊದುವುದಕ್ಕೆ ಅಲ್ಲಿ ರೆಫರಿ ಇರಲಿಲ್ಲ. ನಿಂತೇ ಇದ್ದೆವು. ಭಾವ ಬಕೆಟ್ಟು ಹಿಡಿದುಕೊಂಡೇ ಗಲ್ಲ ಒರೆಸಿಕೊಳ್ಳದೆ ಅಳುತ್ತಿದ್ದರು. ಅವತ್ತು ಒಬ್ಬಟ್ಟು ಯಾರೂ ತಿನ್ನಲಿಲ್ಲ.

ಅಕ್ಕ ಹತ್ತಿರ ಹೋಗಿ ಅವರ ಕೈಯಿಂದ ಬಕೆಟ್ಟು ತೆಗೆದುಕೊಂಡಳು.

"ಮಾವನವರ ಹೆಸರನ್ನ ಸರಿಯಾಗಿ ಹೇಳಿದ್ರಾ ಅವರು?" ಅಂತ ಕೇಳಿದಳು.

"ಇಲ್ಲ ಕಣೆ," ಅಂದರು ಭಾವ. "ಒಂದಕ್ಷರಾನೂ ಸರಿ ಇರಲಿಲ್ಲ. ಎರಡು ಸಲ ಹೇಳಿದ್ರು."