ಗುರುಶಾಂತಪ್ಪನ ಅಂಟುವಾಳ ದಿಗ್ವಿಜಯ

ಎಲೈ ವಾಗ್ದೇವಿಯೇ, ರಾಜಾಧಿರಾಜರ ರಣಕಥೆಗಳನ್ನು ಹೇಳಿಸಿ ಹೇಳಿಸಿ ನಿನಗೂ ಬೇಸರ ಬಂದಿರಬೇಕು. ಇಂದು ಒಂದು ಗಳಿಗೆ ವೀಣೆಯನ್ನು ಗೋಡೆಗೊರಗಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅರಸೀಕೆರೆಯ ಒಂದು ಅಡುಗೆಮನೆಯ ಸಿಂಕಿನ ಬಳಿಗೆ ದಯಮಾಡಿಸು. ಕಲಿಯುಗದ ಪ್ಲಾಸ್ಟಿಕ್ ಪರ್ವದಲ್ಲಿ, ಹಸುಗಳ ಹೊಟ್ಟೆಯಲ್ಲಿ ಹುಲ್ಲಿಗಿಂತ ಕ್ಯಾರಿಬ್ಯಾಗುಗಳೇ ಹೆಚ್ಚಾಗಿ, ಪ್ರತಿ ಮನೆಯ ಬಚ್ಚಲಿನಲ್ಲೂ ನಾನಾವರ್ಣದ ಬಾಟಲಿಗಳು ಸಾಮಂತರಾಜರಂತೆ ಸಾಲುಗಟ್ಟಿ ನಿಂತಿದ್ದ ಕಾಲದಲ್ಲಿ, ಗುರುಶಾಂತಪ್ಪನೆಂಬ ಮಹಾವೀರನು ಪಾತ್ರೆ ತೊಳೆಯಲು ಹೊರಟ ವೃತ್ತಾಂತವನ್ನು ಹಾಡಲು ನನಗೆ ನಾಲಿಗೆ ಕೊಡು. ನಗು ಬಂದರೆ ತಡೆದುಕೋ, ನಾನೂ ತಡೆದುಕೊಳ್ಳುತ್ತೇನೆ.

ಯಾರೀ ಗುರುಶಾಂತಪ್ಪ? ಬಸ್ ನಿಲ್ದಾಣದ ಸಂಚಾರ ನಿಯಂತ್ರಕನಾಗಿ, ಧ್ವನಿವರ್ಧಕ-ಭೂಷಿತ-ವಾಮಹಸ್ತನಾಗಿ, ತಿಪಟೂರು-ಹುಳಿಯಾರು-ಬಾಣಾವರ-ಮಾರ್ಗ-ಘೋಷಣಾ-ಧುರಂಧರನಾಗಿ, ನಿದ್ದೆಹೋದ ಡ್ರೈವರುಗಳನ್ನು ಒಂದೇ ಕೂಗಿಗೆ ಸ್ಟಿಯರಿಂಗಿನ ಮುಂದೆ ಕೂರಿಸುತ್ತಿದ್ದ ಶೂರ. ಈಗ ಅವನು ನಿವೃತ್ತನಾಗಿದ್ದರೂ ಅವನ ಕಂಠ ಸೇವೆಯಲ್ಲೇ ಇತ್ತು. ಹೇಳುವುದರಲ್ಲಿ ಅವನಿಗೆ ಸಮಾನರಿರಲಿಲ್ಲ. ಕೇಳಿಸಿಕೊಳ್ಳುವ ವಿಷಯಕ್ಕೆ ಬಂದರೆ ಮಾತ್ರ ಮನೆಯ ಗೋಡೆಯೇ ಎಷ್ಟೋ ವಾಸಿ.

ಅವನ ಧರ್ಮಪತ್ನಿ ಸರ್ವಮಂಗಳೆ, ಸೊಪ್ಪುಸಾರು-ಸಾಮ್ರಾಜ್ಞಿ, ಉರಿಬಿಸಿ-ರಾಗಿಮುದ್ದೆ-ವರ್ತುಲೀಕರಣ-ನಿಪುಣೆ. ಕುದಿಯುವ ಹಿಟ್ಟನ್ನು ಒದ್ದೆ ಕೈಯಲ್ಲಿ ಎತ್ತಿ ಎರಡು ಉರುಳಿಗೆ ಚೆಂಡು ಮಾಡಿಬಿಡುವ ಆ ಕೈಗಳಿಗೆ ಆ ವರ್ಷ ಕೇಡು ಬಂತು. ಬೆರಳ ಸಂದುಗಳು ಕೆಂಪಾದವು, ಅಂಗೈ ಬೇಸಿಗೆಯ ಕೆರೆಯಂತೆ ಬಿರುಕುಬಿಟ್ಟಿತು, ಉಪ್ಪು ಸೋಕಿದರೆ ಕಣ್ಣಲ್ಲಿ ನೀರು. ಮುದ್ದೆ ಕಟ್ಟುವುದು ನಿಂತಿತು. ಗುರುಶಾಂತಪ್ಪ ಅನ್ನವನ್ನು ಮುಂದಿಟ್ಟುಕೊಂಡು, ತವರಿಗೆ ಹೋಗಲಾರದ ಸೊಸೆಯಂತೆ ಕೂರತೊಡಗಿದ. ಆದರೆ ಅವನಿಗೆ ಮುದ್ದೆಯ ದುಃಖವೊಂದೇ ಇತ್ತೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಆಕೆ ಹೂ ಕಟ್ಟಲು ಕೂತು, ದಾರ ಬಿರುಕಿಗೆ ಸಿಕ್ಕಿ ಎದ್ದುಹೋದುದನ್ನು ಅವನು ಕಂಡಿದ್ದ, ಮತ್ತು ಆ ದಿನ ಅವನಿಗೆ ನಿಜಕ್ಕೂ ಸಂಕಟವಾಗಿತ್ತು.

ಚರ್ಮದ ಡಾಕ್ಟರಮ್ಮ ಕೈ ನೋಡಿ, ಸೋಪಿನ ಖಾರ ಚರ್ಮವನ್ನು ತಿಂದಿದೆಯೆಂದೂ, ಕೈಗೆ ಕೆಲಕಾಲ ವಿಶ್ರಾಂತಿ ಬೇಕೆಂದೂ ಹೇಳಿದರು. ವಿಶ್ರಾಂತಿ ಎಂಬ ಮಾತು ನಮ್ಮ ವೀರನಿಗೆ ಸಪ್ಪೆಯೆನಿಸಿತು, ಏಕೆಂದರೆ ಅದರಲ್ಲಿ ಶತ್ರುವಿರಲಿಲ್ಲ. ಸೋಪಿನಲ್ಲಿ ಶತ್ರುವಿದ್ದ. ಆದ್ದರಿಂದ ಅವನು ಸೋಪನ್ನು ಆರಿಸಿಕೊಂಡ.

ಅಂದೇ ಮಧ್ಯಾಹ್ನ, ತೊಳೆಯದ ಪಾತ್ರೆಗಳ ಮಹಾಸಭೆಯ ನಡುವೆ ನಿಂತು, ಹಸಿರು ದ್ರವದ ಬಾಟಲಿಯನ್ನು ಕುತ್ತಿಗೆ ಹಿಡಿದೆತ್ತಿ ಆ ವೀರನು ಗರ್ಜಿಸಿದನು: "ಎಲೈ ಕಪಟಿಯೇ, ಎದೆಯ ಮೇಲೆ ನಿಂಬೆಯ ಚಿತ್ರವನ್ನು ಧರಿಸಿ ಜನ್ಮದಲ್ಲಿ ನಿಂಬೆಯ ಮುಖ ಕಾಣದವನೇ, ಕೇಳು. ನನ್ನ ಅರ್ಧಾಂಗಿಯ ಅಂಗೈಗೆ ಹಲ್ಲು ಹಾಕಿದ ನಿನ್ನನ್ನು ಈ ಮನೆಯಿಂದಲ್ಲ, ಈ ಹೋಬಳಿಯಿಂದಲೇ ಓಡಿಸುತ್ತೇನೆ. ಭೂಮಿತಾಯಿ ಕೊಟ್ಟಿದ್ದರಿಂದಲೇ ಇನ್ನು ಪಾತ್ರೆ ತೊಳೆಯುವುದು, ಅದರಿಂದಲೇ ಹಲ್ಲು, ಅದರಿಂದಲೇ ತಲೆ. ನಿರಪಾಯವೆಂದು ಸಿದ್ಧವಾಗುವ ತನಕ ಎಲ್ಲ ಪ್ರಯೋಗವೂ ನನ್ನ ಮೇಲೆ. ಸರ್ವಮಂಗಳಾ, ಅಲ್ಲೀತನಕ ನೀನು ಸಿಂಕಿನ ಕಡೆ ತಲೆ ಹಾಕಕೂಡದು."

"ಆಯ್ತು ಬಿಡಿ" ಎಂದಳು ಸರ್ವಮಂಗಳೆ. ಮದುವೆಯಾದ ಮೇಲೆ ಅವಳು ಗಂಡನ ಮಾತಿಗೆ ಇಷ್ಟು ಬೇಗ ಒಪ್ಪಿದ್ದು ಅದೇ ಮೊದಲು.

ಆಯುಧಸಂಗ್ರಹ ಆರಂಭವಾಯಿತು. ಸಂತೆಯಿಂದ ಅಂಟುವಾಳದ ಕಾಯಿ ಬಂತು, ಸೀಗೆಪುಡಿ ಬಂತು. ತೆಂಗಿನ ನಾರಿಗೆ ಅರಸೀಕೆರೆಯಲ್ಲಿ ಬರವೇ? ಪಕ್ಕದ ಮನೆಯ ಇಂದ್ರಾಣಮ್ಮನ ಹಂಡೆಯ ಒಲೆಯಿಂದ ಚಿಪ್ಪಿನ ಬೂದಿ ಬಂತು. ನಿಂಬೆಸಿಪ್ಪೆಗೆ ಬೆಲ್ಲ, ನೀರು ಸೇರಿಸಿ ಬಾಟಲಿಯಲ್ಲಿ ಕೊಳೆಸಿದರೆ ನೆಲ ಒರೆಸುವ ದಿವ್ಯದ್ರವ ಹುಟ್ಟುವುದೆಂದು ಮೊಬೈಲಿನಲ್ಲಿ ಒಬ್ಬಾಕೆ ಹೇಳಿದಳು. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕೆಂದೂ ಆಕೆ ಹೇಳಿದ್ದಳು, ಆದರೆ ಆ ವೇಳೆಗೆ ನಮ್ಮ ನಾಯಕ ಸಿಪ್ಪೆ ಹೆಚ್ಚತೊಡಗಿದ್ದ. ಶಕ್ತಿ ಸೋರಿಹೋಗದಿರಲೆಂದು ಮುಚ್ಚಳವನ್ನು ಬಟ್ಟೆ ಸುತ್ತಿ ಬಿಗಿದ.

ಮುಂದೊಂದು ದಿನ ನಡುಹಗಲಿನಲ್ಲಿ ಆ ಬಾಟಲಿ ಪ್ರಳಯಕಾಲದ ಮೇಘದಂತೆ ಮೊರೆದು ಸಿಡಿಯಿತು. ಚಾವಣಿಗೆ ಸಿಪ್ಪೆಗಳು ನಕ್ಷತ್ರಗಳಂತೆ ಅಂಟಿಕೊಂಡವು. ಸಿಲಿಂಡರ್ ಹಾರಿತೆಂದು ಇಂದ್ರಾಣಮ್ಮ ಎದೆ ಹಿಡಿದುಕೊಂಡು ಓಡಿಬಂದಳು. ಹುಳಿಹೆಂಡದ ವಾಸನೆ ಮೂಗಿಗೆ ಬಡಿದ ಮೇಲೆ ಅವಳು ಗುರುಶಾಂತಪ್ಪನನ್ನು ನೋಡಿದ ನೋಟವೇ ಬೇರೆ. ಸರ್ವಮಂಗಳೆ ಜಗಲಿಯಿಂದ ಕತ್ತು ಚಾಚಿ ನೋಡಿ, ಒರೆಸುವವಳು ತಾನಲ್ಲವೆಂಬುದು ನೆನಪಾಗಿ, ಮತ್ತೆ ಒರಗಿ ಕೂತಳು.

ಧೀರರು ಸೋಲಿಗೆ ಬೆನ್ನು ಕೊಡುವರೇ? ಇದಾದ ಮೇಲೆ ಸೌಂದರ್ಯ ಸಂಗ್ರಾಮ ಶುರುವಾಯಿತು. ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಮೊಸರು ಬೆರೆಸಿದ ಲೇಪ ಸಿದ್ಧವಾಯಿತು; ಹೆಂಡತಿ "ಆಮೇಲೆ ಹಚ್ಕತೀನಿ" ಎಂದು ಜಾರಿಕೊಂಡದ್ದರಿಂದ ಅದನ್ನು ತಾನೇ ಬಳಿದುಕೊಂಡ. ಹಾಲಿನವನು ಬಾಗಿಲಲ್ಲಿ ಆ ಹಳದಿ ಮುಖವನ್ನು ಕಂಡು ಅರ್ಧ ಲೀಟರ್ ಹೆಚ್ಚಿಗೆ ಕೊಟ್ಟುಹೋದ. ತಲೆಗೆ ಹಚ್ಚಿದ ಅಂಟುವಾಳದ ನೊರೆ ಕಣ್ಣಿಗಿಳಿದು ಇಡೀ ಬೆಳಿಗ್ಗೆ ಲೋಕ ಕೆಂಪಗೆ ಕಂಡಿತು. ಇದ್ದಿಲಿನ ಹಲ್ಲುಪುಡಿ ಹಾಕಿ, ಬಿದಿರಿನ ಬ್ರಷ್ಷಿನಲ್ಲಿ ಉಜ್ಜಿ, ಬಾಯಿ ಮುಕ್ಕಳಿಸುವುದನ್ನು ಅರ್ಧಕ್ಕೇ ಬಿಟ್ಟು ಪಿಂಚಣಿದಾರರ ಕಟ್ಟೆಗೆ ಹೋಗಿ ಗೆಳೆಯರನ್ನು ನೋಡಿ ನಕ್ಕ. ಅಂದು ಕಟ್ಟೆಯ ಸಭೆ ಬೇಗ ಮುಗಿಯಿತು.

ಆದರೆ ಪಾತ್ರೆಯ ರಣರಂಗದಲ್ಲಿ ಅವನು ಗೆದ್ದ, ಇದನ್ನು ಒಪ್ಪಲೇಬೇಕು. ದಿನವೂ ಎರಡು ಹೊತ್ತು ಸಿಂಕಿನ ಮುಂದೆ ವಜ್ರಾಸನವಲ್ಲದ ವಜ್ರನಿಲುವಿನಲ್ಲಿ ನಿಂತು, ಬೂದಿಗೆ ಅಂಟುವಾಳ ಎಷ್ಟು, ಸೀಗೆ ಎಷ್ಟು, ಒಣನಿಂಬೆ ಎಷ್ಟು ಎಂದು ಹದ ಹುಡುಕಿ ಹುಡುಕಿ, ಕಡೆಗೆ ಸೀದ-ಹಾಲಿನ-ಕಪ್ಪು-ಕವಚ-ಧಾರಿಯಾಗಿದ್ದ ಪಾತ್ರೆಯನ್ನು ನಾರಿನಿಂದ ತಿಕ್ಕಿ ಕನ್ನಡಿ ಮಾಡಿದ. ಆ ಕನ್ನಡಿಯಲ್ಲಿ ತನ್ನ ಮುಖ ನೋಡಿ ಮೀಸೆ ತಿರುವಿದ. ಪುಡಿಗೆ 'ಸರ್ವಮಂಗಳಾ ಚೂರ್ಣ' ಎಂದು ನಾಮಕರಣವಾಯಿತು.

ಅತ್ತ ಸರ್ವಮಂಗಳೆಯ ಕೈಯ ಕೆಂಪು ಇಳಿಯಿತು. ಬಿರುಕುಗಳು ಕೂಡಿದವು. ಒಂದು ಮಧ್ಯಾಹ್ನ ಅವಳು ಜಗಲಿಯಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದುದನ್ನು ಕಂಡು ಗುರುಶಾಂತಪ್ಪನ ಕಣ್ಣು ತುಂಬಿ ಬಂತು. ತನ್ನ ಚೂರ್ಣ ಫಲಿಸಿತು, ಇನ್ನು ಲೋಕಕ್ಕೆ ಸಾರುವುದೊಂದೇ ಬಾಕಿ ಎಂದುಕೊಂಡು, ಜಾಡಿಯನ್ನು ಕಂಕುಳಲ್ಲಿಟ್ಟು ಹೆಂಡತಿಯನ್ನು ಹೊರಡಿಸಿಕೊಂಡು ಡಾಕ್ಟರಮ್ಮನಲ್ಲಿಗೆ ನಡೆದ. ಅಲ್ಲಿ ಅವನು ಮಾಡಿದ ಭಾಷಣವನ್ನು ಹೊರಗೆ ಬೆಂಚಿನಲ್ಲಿದ್ದ ರೋಗಿಗಳೂ ಕೇಳಿದರು, ಎದುರಿನ ಬೇಕರಿಯವನೂ ಕೇಳಿದ.

ಡಾಕ್ಟರಮ್ಮ ಕೊನೆತನಕ ಕೇಳಿ, ಈ ಪುಡಿಯಲ್ಲಿ ಪಾತ್ರೆ ತೊಳೆದವರು ಯಾರೆಂದು ವಿಚಾರಿಸಿದರು. ನಾನೇ, ಎಲ್ಲವನ್ನೂ, ಎರಡು ಹೊತ್ತೂ ಎಂದು ವೀರನು ಎದೆಯುಬ್ಬಿಸಿದ. ಹಾಗಾದರೆ ನಿಮ್ಮ ಕೈ ತೋರಿಸಿ ಎಂದರು. ತೋರಿಸಿದ. ಬೆರಳ ಸಂದುಗಳು ಕೆಂಪಾಗಿದ್ದವು, ಅಂಗೈಯಲ್ಲಿ ಸಣ್ಣ ಬಿರುಕುಗಳೆದ್ದಿದ್ದವು.

"ಪುಡಿ ಮುಟ್ಟಿದ ಕೈ ಒಡೆದಿದೆ, ಮುಟ್ಟದ ಕೈ ವಾಸಿಯಾಗಿದೆ" ಎಂದರು ಡಾಕ್ಟರಮ್ಮ. "ಅಂಗಡೀಲಿ ರಬ್ಬರ್ ಗ್ಲೌಸ್ ಸಿಗುತ್ತೆ, ತಗೊಂಡು ಹೋಗಿ."

ಹೀಗೆ ಮಹಾಯುದ್ಧದ ಕೊನೆಗೆ ಆ ಮನೆಗೆ ಬಂದ ಜಯಲಕ್ಷ್ಮಿಯೆಂದರೆ ಹಳದಿ ಬಣ್ಣದ ಒಂದು ಜೊತೆ ಕೈಗವಸು.

ಮರುದಿನ ಮಧ್ಯಾಹ್ನ ಸರ್ವಮಂಗಳೆ ಮುದ್ದೆ ಕಟ್ಟಿದಳು. ಎಷ್ಟೋ ದಿನಗಳ ಮೇಲೆ ತಟ್ಟೆಯಲ್ಲಿ ಕೂತ ಆ ನುಣುಪು ಚೆಂಡನ್ನು ಗುರುಶಾಂತಪ್ಪ ಮುರಿದು, ಸಾರಿಗೆ ಅದ್ದಿ, ನುಂಗಿದ. ಎರಡನೆಯ ತುತ್ತಿಗೆ ಕೈ ನಿಂತಿತು.

"ನಿಂಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದ.

"ಮೊದಲನೇ ವಾರನೇ ಗೊತ್ತಾಯ್ತು."

"ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಪಾತ್ರೆ ಬಿಟ್ಬಿಡ್ತಿದ್ರಿ" ಎಂದಳು ಸರ್ವಮಂಗಳೆ, ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಡುತ್ತ. "ಪ್ರಯೋಗ ಅಂದ್ಕೊಂಡು ಮಾಡ್ತಿದ್ರಿ. ಮಾಡ್ಲಿ ಅಂತ ಸುಮ್ನಿದ್ದೆ."

ಮೂರು ತಾಲ್ಲೂಕಿನ ಬಸ್ಸುಗಳನ್ನು ಹೊರಡಿಸಿದ ಆ ವೀರನು ಕತ್ತು ಹೊರಳಿಸಿ ಸಿಂಕಿನ ಕಡೆ ನೋಡಿದ. ಪ್ರತಿಜ್ಞೆಯಿಲ್ಲದೆ, ನಾಮಕರಣವಿಲ್ಲದೆ, ಒಬ್ಬ ಭಟ್ಟಂಗಿಯೂ ಹಾಡದೆ, ಇದೇ ಸಿಂಕಿನ ಮುಂದೆ ಅವಳು ಮದುವೆಯಾದಂದಿನಿಂದ ನಿಂತಿದ್ದಳು. ಇದು ಅವನಿಗೆ ಹೊಳೆದದ್ದು ಅಂದು. ನನಗೆ ಹೊಳೆದದ್ದೂ, ನಾಚಿಕೆಯಿಲ್ಲದೆ ಹೇಳುತ್ತೇನೆ, ಹೆಚ್ಚು ಕಡಿಮೆ ಆಗಲೇ.

ಊಟವಾಯಿತು. ಗುರುಶಾಂತಪ್ಪ ತಾನೇ ಎದ್ದು ಎರಡೂ ತಟ್ಟೆಗಳನ್ನು ತೆಗೆದುಕೊಂಡು ಒಳಗೆ ಹೋದ. ಹಳದಿ ಕವಚಗಳನ್ನು ಧರಿಸಿದ. ಸಿಂಕಿನಲ್ಲಿ ಕಡೆಯ ಶತ್ರು ಕಾದಿತ್ತು: ತಳದಲ್ಲಿ ಹಿಟ್ಟು ಕಚ್ಚಿ ಕಲ್ಲಾಗಿದ್ದ ಮುದ್ದೆಯ ಪಾತ್ರೆ. ಅವನು ನಾರನ್ನು ಗದೆಯಂತೆ ಎತ್ತಿ, ಕಾಲು ಅಗಲಿಸಿ ನಿಂತು, ಗರಗರನೆ ಉಜ್ಜತೊಡಗಿದ. ಹಿಟ್ಟು ಅಲುಗಲಿಲ್ಲ.

"ಉಜ್ಜಬೇಡಿ" ಎಂದಳು ಹೊರಗಿನಿಂದ ಸರ್ವಮಂಗಳೆ. "ನೀರು ಹಾಕಿ ಬಿಡಿ, ನೆನೀಲಿ. ಬಂದು ಕೂತ್ಕಳಿ."

ಅವನು ಪಾತ್ರೆಗೆ ನೀರು ತುಂಬಿಸಿ, ಗ್ಲೌಸ್ ಬಿಚ್ಚುವುದನ್ನೂ ಮರೆತು ಬಂದು ಜಗಲಿಯಲ್ಲಿ ಅವಳ ಪಕ್ಕ ಕೂತ. ಅವಳು ಕನಕಾಂಬರದ ಬುಟ್ಟಿಯನ್ನು ಇಬ್ಬರ ನಡುವೆ ಸರಿಸಿದಳು. ಅವನು ಆ ಹಳದಿ ರಬ್ಬರಿನ ಬೆರಳುಗಳಲ್ಲೇ ಒಂದೊಂದು ಹೂವನ್ನು ಎತ್ತಿ ಕೊಡುತ್ತ ಹೋದ, ಅವಳು ಕಟ್ಟುತ್ತ ಹೋದಳು. ಒಳಗೆ ಪಾತ್ರೆ ನೆನೆಯುತ್ತಿತ್ತು.