ಬೆಂಚಿನ ಕೆಳಗೆ ಹೋದ ಗೋಲು

ಗಿರಣಿಯ ಕ್ಯಾಂಟೀನಿಗೆ ಟಿವಿ ಬಂದದ್ದೇ ಗೋಲಣ್ಣನ ಪ್ರಾಣಕ್ಕೆ ಬಂತು.

"ಅಣ್ಣಾ, ನಮ್ಮೋರು ಕಪ್ ಗೆದ್ದ ಹಳೇ ಫೈನಲ್ ಇವತ್ತು ಹಾಕ್ತಾರಂತೆ!" ಎಂದ ಪಕ್ಕದ ಮಗ್ಗದವನು.

ಗೋಲಣ್ಣನ ಕೈಯಲ್ಲಿ ನೂಲು ತುಂಡಾಯಿತು. ಫುಟ್‌ಬಾಲ್ ಹುಚ್ಚಿಗೆ ಆ ಹೆಸರು ಹೊತ್ತವನ ಹೊಟ್ಟೆಯಲ್ಲಿ ಒಂದು ಗುಟ್ಟು ಕೊಳೆಯುತ್ತಿತ್ತು. ಆ ಫೈನಲ್ಲಿಗೆ ಅವನು ಹೋಗಿದ್ದ. ಹೆಣ ಬಿದ್ದರೆ ಮಾತ್ರ ರಜೆ ಕೊಡುವ ಗಿರಣಿ ಅದು. ಬದುಕಿರುವವರ ಸಂತೋಷಕ್ಕೆ ಅಲ್ಲಿ ರಜೆಯಿಲ್ಲ. ಹುಟ್ಟೇ ಇರದ ಸೋದರತ್ತೆಯೊಬ್ಬಳನ್ನು ಸಾಯಿಸಿ ಹೋಗಿದ್ದ. ಕೊನೆಯ ಗಳಿಗೆ, ನಾಯಕ ಚೆಂಡಿನೊಂದಿಗೆ ನುಗ್ಗುತ್ತಿದ್ದಾಗ, ಹಿಂದಿನ ಸಾಲಿನಲ್ಲಿ ರಜೆ ಕೊಟ್ಟ ಮೇಸ್ತ್ರಿಯ ಬೋಳುತಲೆ ಹೊಸ ತಪ್ಪಲೆಯಂತೆ ಹೊಳೆಯಿತು. ಗೋಲಣ್ಣ ಬೆಂಚಿನ ಕೆಳಗೆ ತೂರಿದ. ಮೇಲೆ ಆಕಾಶ ಬಿರಿಯುವ ಕೂಗು; ಕೆಳಗೆ ಅವನಿಗೆ ಕಂಡದ್ದು ಕಡಲೆಕಾಯಿ ಸಿಪ್ಪೆ. ಅಂದಿನಿಂದ ಕಣ್ಣು ಮುಚ್ಚಿದರೆ ಬರುವುದು ಗೋಲಲ್ಲ, ಸಿಪ್ಪೆ.

ಇವತ್ತಾದರೂ ನೋಡಬೇಕು.

"ಮೇಸ್ತ್ರಿಗಳೇ, ಹೊಟ್ಟೆ ಹಿಡ್ಕೊಂಡಿದೆ, ಮನೆಗೆ..."

"ಅವತ್ತು ನಿಮ್ಮತ್ತೆ ಸತ್ತಾಗ ಕಳಿಸಿದ್ನಲ್ಲಯ್ಯಾ! ಜನ್ಮಕ್ಕೆ ಅಷ್ಟು ಸಾಕು. ನಡಿ ಮಗ್ಗಕ್ಕೆ."

"ನಿನ್ ಮಗ್ಗಾನೂ ನಾನೇ ನೋಡ್ಕೋತೀನಿ, ಹೋಗಣ್ಣ," ಎಂದು ಪಕ್ಕದವನು ತಳ್ಳಿದ. ಗೋಲಣ್ಣ ಎಣ್ಣೆ ಡಬ್ಬಿ ತರುವವನಂತೆ ನುಸುಳಿ, ಅದೇ ಎಣ್ಣೆಯಲ್ಲಿ ಜಾರಿ, ಮೊಣಕಾಲು ತರಚಿಕೊಂಡು ಕ್ಯಾಂಟೀನ್ ತಲುಪಿದ.

ಪರದೆಯ ಮೇಲೆ ಕೊನೆಯ ಗಳಿಗೆ. ನಾಯಕ ನುಗ್ಗುತ್ತಿದ್ದ. ಬಾಗಿಲಲ್ಲಿ ತಪ್ಪಲೆ ಹೊಳೆಯಿತು!

ಗೋಲಣ್ಣ ಮೇಜಿನ ಕೆಳಗೆ. ಮರುಕ್ಷಣ ಆ ತಪ್ಪಲೆಯೂ ಮೇಜಿನ ಕೆಳಗೆ.

"ಮೇಸ್ತ್ರಿಗಳೇ, ನೀವಾ?"

"ಷ್! ಹಿಂದೇನೇ ಮ್ಯಾನೇಜರ್ ಬಂದ್ರು ಕಣೋ. ಅವತ್ತು ಫೈನಲ್‌ನಲ್ಲೂ ಇದೇ ಹಣೆಬರಹ. ಅವರನ್ನ ಕಂಡು ಬೆಂಚಿನ ಕೆಳಗೆ ತೂರ್ಕೊಂಡೆ. ಗೋಲೇ ನೋಡ್ಲಿಲ್ಲ."

ಮೇಲೆ ಕ್ಯಾಂಟೀನ್ ಒಡೆದುಹೋಗುವಂತೆ ಕೂಗಿತು. ಈ ಸಲವೂ ಗೋಲಣ್ಣನಿಗೆ ಗೋಲು ಕಾಣಲಿಲ್ಲ.

"ಅಯ್ಯೋ, ಹಾಗಾದ್ರೆ ಅವತ್ತು ನೀವು ನನ್ನ ನೋಡ್ಲೇ ಇಲ್ವಾ? ಸುಮ್ನೆ ಬಚ್ಚಿಟ್ಕೊಂಡ್ನಲ್ಲಾ!"

"ನಿನ್ನನ್ನಾ?" ಮೇಸ್ತ್ರಿಯ ಕಣ್ಣು ಕಿರಿದಾಯಿತು. "ಅವತ್ತು ನಿಮ್ಮತ್ತೆ ಸತ್ತಿದ್ದಳಲ್ವೇನೋ?"

ಅಷ್ಟರಲ್ಲಿ ಪಾಲಿಶ್ ಮಾಡಿದ ಎರಡು ಬೂಟು ಮೇಜಿನ ಮುಂದೆ ನಿಂತವು. "ಟಿವಿ ಆರಿಸ್ರೋ! ನೀವಿಬ್ರೂ ಹೊರಗೆ ಬನ್ನಿ. ನಾಳೆಯಿಂದ ವಾರ ಪೂರ್ತಿ ಮನೇಲೇ ಇರಿ."

ಬೇಡಿದಾಗ ಸಿಗದ ರಜೆ ಬೇಡದೆ ಸಿಕ್ಕಿತ್ತು. ಗೋಲಣ್ಣ ಕಪ್ಪಾದ ಪರದೆಯನ್ನೇ ನೋಡಿದ.

"ಸಾರ್, ಒಂದು ಮಾತು... ಆ ಗೋಲು ಹೇಗೆ ಹೋಯ್ತು?"

"ಯಾರಿಗೆ ಗೊತ್ತಯ್ಯಾ?" ಎಂದರು ಮ್ಯಾನೇಜರ್. "ಅವತ್ತೂ ಅಷ್ಟೇ, ಇವತ್ತೂ ಅಷ್ಟೇ, ಕೆಲಸ ತಪ್ಪಿಸಿ ಬಂದೋರನ್ನ ಹುಡುಕ್ತಾ ನಾನು ನೋಡ್ತಿದ್ದದ್ದು ಬೆಂಚು, ಮೇಜಿನ ಕೆಳಗೆ!"