ಕಾಣದ ಕಲ್ಲು

ಪೋತ್ನಾಳದ ವೆಂಕೋಬನಿಗೆ ಬೆಳಗಿನ ಚಹಾ ಕುಡಿಯುವಾಗ ಎಡ ಪಕ್ಕೆಯಲ್ಲಿ ನೋವೆದ್ದಿತು. ಹಂಚಿನ ಮೇಲಿನ ಜೋಳದ ಕಾಳಿನಂತೆ ಮನುಷ್ಯ ಕಟ್ಟೆಯ ಮೇಲೆ ಹೊರಳಾಡಿದ.

ಪಕ್ಕದ ಮನೆಯ ಕರೆಮ್ಮ ಕಿಡ್ನಿ ಕಲ್ಲೇ ಇರಬೇಕೆಂದು ಹುರುಳಿ ಬೇಯಿಸಿದ ಕಟ್ಟು ತಂದಳು. ಆಟೋದ ಖಾಸಿಂ ಸಾಬ್, "ಮಾನ್ವ್ಯಾಗ ಸ್ಕ್ಯಾನ್ ಮಾಡಿ ನನ್ನ ಕಲ್ಲು ಕಡ್ಲಿಕಾಳಿನಂಗ ತೋರಿಸಿದ್ರು. ಅಲ್ಲೇ ಹೋಗೂಣು ನಡಿ" ಎಂದ.

"ಮಾನ್ವಿ ಯಾಕ? ರಾಯಚೂರು ದವಾಖಾನಿ ಎಮರ್ಜೆನ್ಸ್ಯಾಗ ನನ್ನ ಮಗಳು ದುರ್ಗಾ ಡಾಕ್ಟರ್ ಅದಾಳ." ಈ ಮಾತಿನ ಮಟ್ಟಿಗೆ ವೆಂಕೋಬನ ಬಾಗಿದ ಬೆನ್ನು ನೆಟ್ಟಗಾಯಿತು. ಅವರ ಕೂಲಿ ಓಣಿಯಲ್ಲಿ ಡಾಕ್ಟರಾದವಳು ಅವಳೊಬ್ಬಳೇ. ಅದನ್ನು ನೋಡಲು ತಾಯಿ ಗೋಪಮ್ಮ ಉಳಿಯಲಿಲ್ಲ. ಅವಳ ಫೋಟೋಕ್ಕೆ ಕೈಮುಗಿದು ವೆಂಕೋಬ ಆಟೋ ಹತ್ತಿದ. ಕರೆಮ್ಮನೂ ಹತ್ತಿದಳು, ಕರೆಯದೆ.

ದವಾಖಾನೆಯಲ್ಲಿ ದುರ್ಗಾ ಇಂಜೆಕ್ಷನ್ ಕೊಟ್ಟು, ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಪರದೆ ನೋಡಿದಳು.

"ಯಪ್ಪಾ, ಕಿಡ್ನಿ ತುಸು ಊದ್ಯದ. ಕೆಳಗ ನಾಳದಾಗ ಸಣ್ಣ ಕಲ್ಲು ಸಿಕ್ಕಿರಬೇಕು. ಅಂಥಾದ್ದು ಇದರಾಗ ಭಾಳ ಸಲ ಕಾಣಂಗಿಲ್ಲ. ನೀರು ಕುಡಿ. ಒಂದಕ್ಕ ಹೋದಾಗ ಅರಿವ್ಯಾಗ ಸೋಸು, ಬಿದ್ದರ ನನಗ ತಂದು ತೋರಿಸು. ಮತ್ತ ನೋವು ಬಂದ್ರ ತಡೀಬ್ಯಾಡ, ತಿರುಗಿ ಬಾ."

ಹೊರಗೆ ಖಾಸಿಂ ಸಾಬ್ ಕಾದಿದ್ದ. "ಎಷ್ಟು ದೊಡ್ಡದಂತ?"

"ಕಾಣಲಿಲ್ಲ."

"ಮಾನ್ವ್ಯಾಗ ನಂದು ಕಂಡಿತ್ತಲ್ಲ. ಹುಡುಗಿ ಇನ್ನಾ ಕಲ್ಯಾಕತ್ತಾಳೇನು?"

ಕರೆಮ್ಮ ಲೊಚಗುಟ್ಟಿದಳು. ವೆಂಕೋಬನಿಗೆ ಪಕ್ಕೆಯ ನೋವಿಗಿಂತ ಇದು ಆಳಕ್ಕೆ ಇಳಿಯಿತು.

"ಇದ್ದರ ಅಲ್ಲೇನು ಕಾಣೋದು? ನನ್ನ ಮಗಳು ಮಷೀನು ಮುಟ್ಟಿಸಿದ ಗಳಿಗಿಗೆ ಕಲ್ಲು ಕರಗಿ ನೀರಾತು. ನೋವು ಎಲ್ಲ್ಯದ, ನೋಡು" ಎಂದು ಅಲ್ಲೇ ಎರಡು ಸಲ ಜಿಗಿದು ತೋರಿಸಿದ.

ಖಾಸಿಂ ಸಾಬ್ ಆಟೋ ಚಾಲೂ ಮಾಡಿದ. ಕರೆಮ್ಮ ಕಲ್ಲು ಕರಗಿದ ಸುದ್ದಿ ಹೇಳಲು ಊರಿಗೆಲ್ಲ ಫೋನ್ ಹಚ್ಚಿದಳು.

ಮಾನ್ವಿ ದಾಟುವಷ್ಟರಲ್ಲಿ ಇಂಜೆಕ್ಷನ್ನಿನ ಕಸುವು ಇಳಿಯಿತು. ನೋವು ಮರಳಿ ಬಂತು. ತಿರುಗಿ ಹೋಗೋಣ ಎನ್ನಲು ಬಾಯಿಲ್ಲ. ತಗ್ಗು ಬಂದಾಗಲೆಲ್ಲ ವೆಂಕೋಬ ಫೋಟೋಕ್ಕೆ ಕೂತ ಮದುಮಗನಂತೆ ಹಲ್ಲು ಬಿಟ್ಟ. ಕೊನೆಗೆ ಕಾಲುವೆ ಹತ್ತಿರ ಆಟೋ ನಿಲ್ಲಿಸಿ, ಅರಿವೆ ಹಿಡಿದು ಜಾಲಿಗಿಡದ ಮರೆಗೆ ಓಡಿದ.

ಅರಿವೆಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಕಲ್ಲು ಉಳಿಯಿತು. ನೋವು ನಿಂತಿತು. ಕಣ್ಣಿಗೆ ಕಾಣದ್ದನ್ನು ಮಗಳು ಇದೆ ಎಂದಿದ್ದಳು, ಇತ್ತು. ಎದೆ ಉಬ್ಬಿ ವೆಂಕೋಬ ಕೂಗಿದ: "ಖಾಸಿಂ ಸಾಬ್, ಬಾ ಇಲ್ಲಿ."

"ಏನು?"

ಕರಗಿದ ಕಲ್ಲು ಮತ್ತೆ ಗಟ್ಟಿಯಾದದ್ದು ಹೇಗೆಂದು ಹೇಳುವುದು? "ಏನಿಲ್ಲ. ಗಾಳಿ ತಂಪದ."

ಸಂಜೆ ಗೋಪಮ್ಮನ ಫೋಟೋದ ಮುಂದೆ ಅರಿವೆಯ ಗಂಟು ಬಿಚ್ಚಿ ಕಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿದ. "ನೋಡಬೇ, ಮಷೀನಿಗೆ ಕಾಣಲಾರದ್ದು ನಿನ್ನ ಮಗಳಿಗೆ ಕಂಡದ."

ಅಷ್ಟರಲ್ಲಿ ಬಾಗಿಲಲ್ಲಿ ಕರೆಮ್ಮ. ಅವಳ ಹಿಂದೆ ಪಕ್ಕೆ ಹಿಡಿದುಕೊಂಡ ಹನ್ನೊಂದು ಮಂದಿ.

"ವೆಂಕೋಬಣ್ಣ, ಇವರಿಗೆಲ್ಲ ಕಲ್ಲದಾವಂತ. ನಾಳಿ ದುರ್ಗಾನ ಕಡೆ ಕರಗಿಸ್ಕೊಂಡು ಬರಾಮು. ಖಾಸಿಂ ಸಾಬ್ ಎರಡು ಆಟೋ ಹೇಳ್ಯಾನ. ಮುಂದ ನೀನೇ ಕೂಡಬೇಕು."

ವೆಂಕೋಬ ಮುಷ್ಟಿ ಬಿಗಿ ಮಾಡಿದ. ಪಕ್ಕೆಯಿಂದ ಇಳಿದ ಕಲ್ಲು ಈಗ ಅಂಗೈಯಲ್ಲಿ ಚುಚ್ಚತೊಡಗಿತು.